ಭೀಮನ ಗದೆ ಟೊಳ್ಳಿದ್ದರೇನು?

 

ಈ ವರ್ಷದ ಗ್ಯಾದರಿಂಗಿನಲ್ಲಿ ಹತಾರ ಹಿಡಿಯುವ ಯಾವ ದೃಶ್ಯವೂ ಬೇಡ ಎಂದು ತೀರ್ಮಾನವಾಗಿದೆ. ರಾಯಣ್ಣನ ನಾಟಕ ಮಾಡಬಹುದು, ಆದರೆ ಕತ್ತಿ ಇರಬಾರದು. ಗದಾಯುದ್ಧ ಅಂತೂ ಬ್ಯಾಡೇ ಬ್ಯಾಡ. ಕತ್ತಿ ಇಲ್ಲದ ಸಂಗೊಳ್ಳಿ ರಾಯಣ್ಣ ವೇದಿಕೆ ಮ್ಯಾಲ ಬಂದು ಏನು ಮಾಡಬೇಕು? ಕೈ ಕಟ್ಟಿಕೊಂಡು ನಿಂತು ಸ್ವಾಗತ ಭಾಷಣ ಮಾಡಬೇಕೇನು? 1857ರಲ್ಲಿ ಇಂಗ್ಲಿಷರ ಸರ್ಕಾರ ನಿಮ್ಮ ನಿಮ್ಮ ಹತಾರ ತಂದು ಒಪ್ಪಿಸಿರಿ ಅಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ದಂಗೆ ಎದ್ದರು. ನಾವು ಹಂಗ ಏಳೂದಿಲ್ಲ. ಗೋಡೆ ಪತ್ರಿಕೆಯಲ್ಲಿ ಬರೀತೀವಿ, ಅಷ್ಟೇ.

ಬರೆಯುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಈ ತೀರ್ಮಾನ ಆಗಲಿಕ್ಕೆ ಕಾರಣ ನಾನೇ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಮುಚ್ಚಿಟ್ಟು ಬರೆದರೆ ಓದಿದವರು ನಗತಾರ.

ಹೋದ ವರ್ಷ ಗಣಪತಿ ಹಬ್ಬದಾಗ ನಮ್ಮ ಓಣಿಯ ಹುಡುಗರೆಲ್ಲ ಕೂಡಿ ಭೀಮ ದುರ್ಯೋಧನರ ಕಾಳಗ ಆಡಿದೆವು. ಟಿವಿಯಲ್ಲಿ 'ಕುರುಕ್ಷೇತ್ರ' ಸಿನಿಮಾ ನೋಡಿದ್ದೆವು. 2019ರಲ್ಲಿ ಬಂದದ್ದು. ಅದರಾಗ ಗದೆ ಬೀಸಿದರ ಮಣ್ಣು ಹಾರತೈತಿ, ಕಲ್ಲು ಒಡೀತಾವ. ನಮಗೂ ಅಂಥಾದ್ದೇ ಗದೆ ಬೇಕಿತ್ತು. ಮುರಿದ ಒನಕೆಯ ತುಂಡು ಒಂದು ಸಿಕ್ಕಿತು. ಅದರ ತುದಿಗೆ ತಾಮ್ರದ ತಂಬಿಗೆ ಡಬ್ಬು ಹಾಕಿ ತಂತಿ ಬಿಗಿದೆ. ಹಗುರ ಆಯಿತು ಅನ್ನಿಸಿತು. ತಂಬಿಗೆಯೊಳಗ ಹೊಳೀ ಉಸುಕು ತುಂಬಿ ಬಾಯಿಗೆ ಅರಿವಿ ತುರುಕಿದೆ. ಗದೆ ಅಂದ ಮ್ಯಾಲ ಭಾರ ಇರಬೇಕು, ಇಲ್ಲದಿದ್ದರ ಭೀಮ ಹೆಂಗ ಆಗತಾನ ಅಂತ ಎಲ್ಲರಿಗೂ ಹೇಳಿದವನು ನಾನು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 4 ಕಿಲೋ 200 ಗ್ರಾಂ ಬಂತು. ದೊಡ್ಡ ಸಾಧನೆ ಮಾಡಿದವರಂಗ ಕುಣಿದಾಡಿದೆವು.

ಕಥೆ ನಿಮಗೆ ಗೊತ್ತೈತಿ, ಭೀಮ ಹೊಡೆಯುವುದು ತೊಡೆಗೆ. ತೊಡೆಯ ಹತ್ತಿರ ಬಂದಾಗ ಗದೆ ನಿಲ್ಲಿಸಬೇಕು ಅಂತ ತಾಲೀಮಿನಲ್ಲಿ ಮಾತಾಗಿತ್ತು. ಬೀಸಿದ ಮ್ಯಾಲ ಅಷ್ಟು ಭಾರದ್ದು ನಿಲ್ಲಲಿಲ್ಲ. ದುರ್ಯೋಧನನ ಪಾರ್ಟು ಮಾಡಿದ ನನ್ನ ಗೆಳೆಯನ ಮೊಣಕಾಲಿನ ಸ್ವಲ್ಪ ಮ್ಯಾಲ ಬಡಿಯಿತು. ಅವನು ಬಿದ್ದ. ಮಂದಿ ಚಪ್ಪಾಳೆ ಹೊಡೆದರು, ಸೀಟಿ ಹಾಕಿದರು. ಅವನು ಅಳುವುದನ್ನೂ ಭಾರೀ ನಟನೆ ಅಂತ ತಿಳಿದರು. ನಾನೂ ಗದೆ ಎತ್ತಿ ಇನ್ನೊಂದು ಮಾತು ಒದರಿದೆ. ಅವನು ನನ್ನ ಹೆಸರು ಹಿಡಿದು ಕರೆದಾಗ ಗೊತ್ತಾಯಿತು, ಯಾಕಂದರ ದುರ್ಯೋಧನ ಭೀಮನನ್ನು ನನ್ನ ಹೆಸರಿನಿಂದ ಕರೆಯೂದಿಲ್ಲ.

ಮುದ್ದೇಬಿಹಾಳಕ್ಕೆ ಕರಕೊಂಡು ಹೋದರು. ದೇವರ ದಯೆ, ಎಲುಬು ಮುರಿದಿರಲಿಲ್ಲ. ಆದರೂ 18 ದಿನ ಸಾಲಿಗೆ ಬರಲಿಲ್ಲ. ಖೋ ಖೋ ತಂಡದಾಗ ಅವನ ಜಾಗಾ ಬ್ಯಾರೆಯವರಿಗೆ ಹೋಯಿತು. ಅವರ ಅವ್ವ ನನಗ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರ ಚಲೋ ಇತ್ತು.

ಇಷ್ಟೆಲ್ಲ ಆದ ಮೇಲೂ ನಾನು ಗದೆ ಬೇಕು ಅಂತ ಬರೆಯುತ್ತಿದ್ದೇನೆ. ಇವನಿಗೆ ನಾಚಿಕೆ ಇಲ್ಲವೇ ಎಂದು ಕೆಲವರು ಕೇಳಬಹುದು. ಐತಿ. ನಾಚಿಕೆ ಇದ್ದದ್ದಕ್ಕೇ ಆರು ತಿಂಗಳು ಇದನ್ನು ವಿಚಾರ ಮಾಡಿದೆ, ಕೈಯಿಂದ ಮಾಡಿಯೂ ನೋಡಿದೆ. ನನ್ನ ಅಭಿಪ್ರಾಯ ಇಷ್ಟೇ: ವೇದಿಕೆ ಮೇಲಿನ ಗದೆ, ಕತ್ತಿ, ಬಿಲ್ಲು ಇವನ್ನು ಫೋಮಿನಿಂದ ನಾವೇ ಮಾಡಬೇಕು. ದೃಶ್ಯವನ್ನೇ ಕಿತ್ತುಹಾಕಬಾರದು.

ಈ ವಿಚಾರ ಮೊದಲು ಹೊಳೆದದ್ದು ನಮ್ಮ ಮುತ್ಯಾನ ಮಾತಿನಿಂದ. ಮುತ್ಯಾ ಹರೇದಾಗ ದೊಡ್ಡಾಟದಲ್ಲಿ ಪಾರ್ಟು ಮಾಡಿದವನು. ಗೆಳೆಯನಿಗೆ ಪೆಟ್ಟಾದ ರಾತ್ರಿ ನನ್ನ ಗದೆಯನ್ನು ಎತ್ತಿ ನೋಡಿ ಕೆಳಗಿಟ್ಟು, "ಇದನ್ನ ಯಾವ ಹುಚ್ಚ ಮಾಡ್ಯಾನಲೇ?" ಅಂದ. ಅವರ ಕಾಲದ ಗದೆ ಹೆಂಗಿತ್ತು ಅಂದರ, ಎರಡು ಸಣ್ಣ ಬಿದಿರಿನ ಬುಟ್ಟಿ ಬಾಯಿಗೆ ಬಾಯಿ ಹಚ್ಚಿ ಹೊಲಿಯುವುದು, ಮ್ಯಾಲ ಹಳೇ ಧೋತರದ ಅರಿವಿ, ಹುಣಸಿಬೀಜದ ಅಂಟು, ಅದರ ಮ್ಯಾಲ ಹೊಳೆಯುವ ಬೇಗಡಿ. ಒಳಗೆ ಬರೇ ಗಾಳಿ. "ಗದೆ ಟೊಳ್ಳ ಇರಬೇಕೋ ತಮ್ಮಾ. ಭೀಮ ಗಟ್ಟಿ ಇರಬೇಕು. ಹಗುರಾದದ್ದನ್ನ ಭಾರ ಐತಿ ಅನ್ನೂಹಂಗ ಎತ್ತೂದು ಪಾರ್ಟು. ಭಾರಾದದ್ದನ್ನ ಎತ್ತೂದು ಹಮಾಲಿ" ಅಂದ.

ಹಗುರವಾದ ಒಡಲು, ಮೇಲೆ ಅರಿವಿಯ ತೊಗಲು, ಅದರ ಮೇಲೆ ಲೋಹದ ಹೊಳಪು, ಇದು ನಮ್ಮ ಕಡೆ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆ, ದೇವರ ಮೂರ್ತಿ ಮಾಡುವ ಬಗೆಯೂ ಹೀಗೆಯೇ. ಹಗುರ ಮರದಲ್ಲಿ ಕೆತ್ತಿ, ಹುಣಸಿಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸಿ, ಅರಿವಿಯ ಚೂರು ಹಚ್ಚಿ, ಕೊನೆಗೆ ಬಣ್ಣ ಮತ್ತು ಹೊಳಪು ಕೊಡುತ್ತಾರೆ. ನೋಡಿದರ ಬಂಗಾರದ ಮೂರ್ತಿ, ಎತ್ತಿದರ ಹಗುರ. ಬುಟ್ಟಿ ಮತ್ತು ಮರ ಇದ್ದ ಜಾಗದಲ್ಲಿ ನಾನು ಫೋಮ್ ಇಟ್ಟೆ, ಅಷ್ಟೇ ವ್ಯತ್ಯಾಸ.

ಸಿನಿಮಾದವರೂ ನಮಗೆ ಮೋಸ ಮಾಡಿದ್ದಾರೆ ಎಂಬುದು ಆಮೇಲೆ ಗೊತ್ತಾಯಿತು. ಅಣ್ಣನ ಮೊಬೈಲಿನಲ್ಲಿ ಸಿನಿಮಾ ಹತಾರ ಮಾಡುವವರ ವಿಡಿಯೋ ನೋಡಿದೆ. ನ್ಯೂಜಿಲೆಂಡಿನಲ್ಲಿ ವೇಟಾ ವರ್ಕ್‌ಶಾಪ್ ಎಂಬುದಿದೆ. 2001ರಿಂದ 2003ರವರೆಗೆ ಬಂದ 'ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮೂರು ಸಿನಿಮಾಗಳಿಗೆ ಕತ್ತಿ, ಕೊಡಲಿ, ಕವಚ ಮಾಡಿದವರು ಅವರು. ಒಂದೇ ಕತ್ತಿಯನ್ನು ಎರಡು ಮೂರು ಬಗೆಯಲ್ಲಿ ಮಾಡುತ್ತಿದ್ದರು. ಕ್ಯಾಮೆರಾ ಹತ್ತಿರ ಬಂದಾಗ ತೋರಿಸಲು ಉಕ್ಕಿನದು, ಕಾಳಗಕ್ಕೆ ಅಲ್ಯುಮಿನಿಯಮ್ಮಿನದು, ಬೀಳುವ ಏಳುವ ದೃಶ್ಯಕ್ಕೆ ರಬ್ಬರಿನಂಥ ಮೆತ್ತನೆಯದು. 2015ರ 'ಬಾಹುಬಲಿ'ಯಲ್ಲಿಯೂ ಕತ್ತಿಗಳಿಗೆ ಉಕ್ಕಿನ ಬದಲು ಹಗುರಾದ ಕಾರ್ಬನ್ ಫೈಬರ್ ಬಳಸಿದರು. ಕೋಟಿಗಟ್ಟಲೆ ರೊಕ್ಕ ಇದ್ದವರೇ ಹಗುರದ್ದನ್ನು ಹಿಡಿದಾರ. ತಂಗಡಗಿಯ ನಾವು ಉಸುಕು ತುಂಬಿದ ತಂಬಿಗೆ ಹಿಡಿದಿದ್ದೆವು!

ಇನ್ನು ಮಾಡಿದ ಬಗೆ ಹೇಳುತ್ತೇನೆ. ಮೊದಲ ಸಲ ಪೂರಾ ಕೆಟ್ಟಿತು. ಅದನ್ನೂ ಬರೆಯುತ್ತೇನೆ, ಯಾಕಂದರ ನೀವು ಮಾಡುವಾಗ ಅದೇ ತಪ್ಪು ಆಗಬಾರದು.

ಟಿವಿ ಡಬ್ಬಿಯೊಳಗಿನ ಥರ್ಮಾಕೋಲ್ ತಂದು ಗುಂಡಗೆ ಕತ್ತರಿಸಿ, ಚಪ್ಪಲಿ ರಿಪೇರಿಗೆ ಹಚ್ಚುವ ಹಳದಿ ಅಂಟನ್ನು ಬಳಿದೆ. ನೋಡುನೋಡುತ್ತ ಥರ್ಮಾಕೋಲ್ ಕರಗಿ ಗೆದ್ದಲು ತಿಂದ ಕಟ್ಟಿಗೆಯಂತೆ ತೂತು ತೂತಾಯಿತು. ಆ ಅಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ. ಸ್ಪ್ರೇ ಬಣ್ಣವೂ ಹಾಗೆಯೇ ತಿನ್ನುತ್ತದೆ. ಮೇಲಾಗಿ ಕೊರೆಯುವಾಗ ಅದರ ಬಿಳೀ ಕಾಳು ಅಂಗಳದ ತುಂಬ ಹಾರಿದವು. ಕೋಳಿಗಳು ಜೋಳ ಅಂತ ಕುಟುಕಲು ಓಡಿ ಬಂದವು. ಅವ್ವ ಕಸಬರಿಗೆ ಹಿಡಿದು ಬಂದಳು, ಕಸಕ್ಕೋ ನನಗೋ ತಿಳಿಯಲಿಲ್ಲ. ಆದ್ದರಿಂದ ಥರ್ಮಾಕೋಲ್ ಬೇಡವೇ ಬೇಡ. ಅದು ಒತ್ತಿದರೆ ಮುರಿಯುತ್ತದೆ, ಮೆತ್ತಗಿರುವುದಿಲ್ಲ.

ಎರಡನೆಯ ಸಲ ಪ್ಯಾಕಿಂಗ್ ಫೋಮ್ ಹಿಡಿದೆ. ಫ್ರಿಜ್ಜು, ವಾಷಿಂಗ್ ಮಷೀನು ಬರುವಾಗ ಸುತ್ತಲೂ ಬಿಳೀ, ಮೆತ್ತನೆಯ, ಬಾಗುವ ಹಾಳೆ ಇರುತ್ತದಲ್ಲ, ಅದು. ತಾಳಿಕೋಟೆಯ ಅಂಗಡಿಯೊಂದರಲ್ಲಿ ಒಂದು ಚೀಲ ಹಾಗೇ ಕೊಟ್ಟರು, ಇಲ್ಲದಿದ್ದರೆ ಸುಡುತ್ತಿದ್ದರಂತೆ. ಇದಲ್ಲದೆ ಸಣ್ಣ ಮಕ್ಕಳು ಆಡುವ ಬಣ್ಣಬಣ್ಣದ ಜೋಡಣೆ ಚಾಪೆಯ ಎರಡು ತುಂಡು ಇದ್ದವು. ಆ ಚಾಪೆಯ ಫೋಮಿಗೆ ಇವಿಎ ಅನ್ನುತ್ತಾರೆ. ನಾವು ಹಾಕುವ ಹಗುರ ಚಪ್ಪಲಿಯ ಅಟ್ಟೆ ಕೂಡ ಬಹಳ ಸಲ ಅದರದ್ದೇ ಇರುತ್ತದೆ.

ಹಿಡಿಕೆಗೆ ಮನೆಯ ವಾಯರಿಂಗ್ ಮಾಡಿದಾಗ ಉಳಿದ ಪ್ಲಾಸ್ಟಿಕ್ ಪೈಪು, ಎರಡೂವರೆ ಫೂಟು. ಫೋಮಿನಲ್ಲಿ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿದೆ. ನಡುವಿನದು ದೊಡ್ಡದು, ಮೇಲಕ್ಕೂ ಕೆಳಕ್ಕೂ ಹೋದಂತೆ ಸಣ್ಣದು. ಒಂದೊಂದರ ನಡುವೆ ತೂತು ಮಾಡಿ ಬುಟ್ಟಿಯೊಳಗ ಕಡಕ್ ರೊಟ್ಟಿ ಒಟ್ಟಿದಂಗ ಪೈಪಿಗೆ ಪೋಣಿಸಿದೆ. ಬ್ಲೇಡು ಹರಿತ ಇರಬೇಕು. ಮೊಂಡ ಬ್ಲೇಡಿನಿಂದ ಕೊರೆದರೆ ಅಂಚು ಹರಿದ ಬನಿಯನ್ನಿನಂತೆ ಆಗುತ್ತದೆ. ಒಮ್ಮೆಲೇ ಒತ್ತಬಾರದು, ಎರಡು ಮೂರು ಸಲ ಎಳೆದು ಕೊರೆಯಬೇಕು. ಸಣ್ಣವರು ಬ್ಲೇಡು ಮುಟ್ಟಬಾರದು, ಹಿರಿಯರು ಕೊರೆದುಕೊಡಲಿ.

ಬಹಳ ಮುಖ್ಯವಾದದ್ದು ಇದು: ಪೈಪಿನ ತುದಿ ಗದೆಯ ತಲೆಯ ನಡುವಿನಲ್ಲೇ ನಿಲ್ಲಬೇಕು. ತುದಿಗೆ ಅರಿವಿ ಸುತ್ತಿ, ಅದರ ಮೇಲೆ ಕನಿಷ್ಠ ನಾಲ್ಕು ಬೆರಳು ದಪ್ಪ ಫೋಮ್ ಇರಬೇಕು. ಪೈಪು ಹೊರಗೆ ಇಣುಕಿದರೆ ಅದು ಗದೆಯಲ್ಲ, ಈಟಿ.

ಅಂಟು ಅದೇ ಚಪ್ಪಲಿಯ ಅಂಟು. ಇವಿಎಗೆ ಅದು ಏನೂ ಮಾಡುವುದಿಲ್ಲ. ಎರಡೂ ಕಡೆ ತೆಳ್ಳಗೆ ಬಳಿದು ಹತ್ತು ನಿಮಿಷ ಬಿಡಬೇಕು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿದರೆ ಬಿಡುವುದೇ ಇಲ್ಲ. ನಾನು ಅವಸರ ಮಾಡಿ ಹಸಿ ಇದ್ದಾಗಲೇ ಒತ್ತಿ ಎರಡು ಸಲ ಜಾರಿಸಿಕೊಂಡೆ. ಇದರ ವಾಸನೆ ತಲೆಗೆ ಏರುತ್ತದೆ, ಕೋಣೆಯೊಳಗೆ ಕೂತು ಹಚ್ಚಬಾರದು, ಗಾಳಿ ಇರುವ ಕಟ್ಟೆ ಮೇಲೆ ಹಚ್ಚಬೇಕು. ಬಿಳೀ ಪ್ಯಾಕಿಂಗ್ ಫೋಮಿಗೆ ಯಾವ ಅಂಟೂ ಚೆನ್ನಾಗಿ ಹಿಡಿಯುವುದಿಲ್ಲ, ಬಣ್ಣವಂತೂ ಉದುರುತ್ತದೆ. ಅದಕ್ಕೇ ಮೇಲಿಂದ ಹಳೇ ಧೋತರದ ಪಟ್ಟಿಗಳನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿದೆ. ಮುತ್ಯಾ ನೋಡಿ ನಕ್ಕ. ಬುಟ್ಟಿ ಗದೆಗೆ ಅವನು ಸುತ್ತುತ್ತಿದ್ದದ್ದೂ ಹೀಗೆಯೇ. ಸುತ್ತಲೂ ಎಂಟು ಏಣು ಬರಲಿ ಅಂತ ಸಣಬಿನ ಹಗ್ಗ ಅಂಟಿಸಿದೆ. ಒಂದು ದಿನ ಬಿಸಿಲಿಗಿಟ್ಟು, ಮೊದಲು ಪೂರಾ ಕರೀ ಬಣ್ಣ, ಆಮೇಲೆ ಬಂಗಾರದ ಬಣ್ಣವನ್ನು ಅರಿವಿಗೆ ಸ್ವಲ್ಪವೇ ಹಚ್ಚಿ ಏಣುಗಳ ಮೇಲೆ ಮಾತ್ರ ಒರೆಸಿದೆ. ತಗ್ಗಿನಲ್ಲಿ ಕಪ್ಪು ಉಳಿಯಿತು. ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಹಳೇ ಹಿತ್ತಾಳೆ! ಅಪ್ಪ ಹೊಲದಿಂದ ಬಂದವನು "ಯಾರ ಮನೀದು ತಂದಿ, ಮೊದಲು ಕೊಟ್ಟ ಬಾ" ಅಂದ. ಎತ್ತಿದ ಮೇಲೆ ಅವನ ಮಾರಿ ನೋಡಬೇಕಿತ್ತು.

ತೂಕ 600 ಗ್ರಾಂ. ಖರ್ಚು ಬಣ್ಣ, ಫೆವಿಕಾಲು, ಅಂಟು ಸೇರಿ 140 ರೂಪಾಯಿ, ಅದರಲ್ಲೇ ಎರಡು ಗದೆ ಆದವು.

ಒಂಬತ್ತನೆಯ ತರಗತಿಯ ವಿಜ್ಞಾನ ಕಲಿತವರು ಲೆಕ್ಕ ಹಾಕಿ ನೋಡಿರಿ. ಸಂವೇಗ ಅಂದರೆ ರಾಶಿ ಮತ್ತು ವೇಗದ ಗುಣಲಬ್ಧ. ಒಂದೇ ವೇಗದಲ್ಲಿ ಬೀಸಿದರೆ ನನ್ನ ಹಳೇ ಗದೆಯ ಸಂವೇಗ ಹೊಸದರ ಏಳು ಪಟ್ಟು. ತಾಮ್ರ ಬಡಿದಾಗ ಕ್ಷಣದಲ್ಲಿ ನಿಲ್ಲುತ್ತದೆ, ಅದರ ಬಲವೆಲ್ಲ ಎಲುಬಿಗೆ. ಫೋಮ್ ಒತ್ತಿಕೊಳ್ಳುತ್ತ ನಿಧಾನಕ್ಕೆ ನಿಲ್ಲುತ್ತದೆ, ಬಲ ಕಡಿಮೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀವಲ್ಲ, ಅದೇ ಪಾಠ. ಪರೀಕ್ಷೆಗೆ ಬರೆದು ಮಾರ್ಕು ತಗೊಂಡವನೇ ನಾನು. ಗದೆ ಮಾಡುವಾಗ ನೆನಪಾಗಲಿಲ್ಲ ನೋಡ್ರಿ.

ಹಾಗಂತ ಫೋಮಿನ ಗದೆ ಅಂದರೆ ಹೆಂಗ ಬೇಕಾದರೂ ಬಡಿದಾಡಬಹುದು ಅಂತ ಅಲ್ಲ. ಒಳಗೆ ಪೈಪು ಐತಿ. ಕಣ್ಣಿಗೆ ತಾಗಿದರೆ ಮೆತ್ತನೆಯದೂ ಕೆಡಕೇ. ಎದೆಗಿಂತ ಮೇಲೆ ಬೀಸಬಾರದು, ಎಣಿಸಿಕೊಂಡು ಹೆಜ್ಜೆ ಹಾಕಬೇಕು, ತಾಲೀಮಿನಲ್ಲಿ ಇಲ್ಲದ ಹೊಡೆತ ವೇದಿಕೆಯಲ್ಲಿ ಹೊಡೆಯಬಾರದು. ಪ್ರತಿ ಸಲ ಮೊದಲು ತಲೆ ಒತ್ತಿ ನೋಡಬೇಕು, ಪೈಪು ಕೈಗೆ ಹತ್ತಿದರೆ ಬಿಚ್ಚಿ ಮತ್ತೆ ಮಾಡಬೇಕು.

ಇನ್ನು ಆಕ್ಷೇಪಣೆಗಳು. ಗೆಳೆಯರು ಕೇಳಿದ್ದು, "ಬಡಿದರ ಸಪ್ಪಳನೇ ಬರೂದಿಲ್ಲಲೋ, ಮಂದಿ ನಗತಾರ." ಸಿನಿಮಾದ ಸಪ್ಪಳ ಕೂಡ ಬಹುತೇಕ ಆಮೇಲೆ ಸೇರಿಸಿದ್ದು. ದೊಡ್ಡಾಟದಲ್ಲಿ ಹೊಡೆತದ ಸಪ್ಪಳ ಮದ್ದಳೆಯದು. ನಾವು ಪರದೆಯ ಹಿಂದೆ ಒಬ್ಬನನ್ನು ಹಲಗಿ ಕೊಟ್ಟು ಕೂಡ್ರಿಸಿದರಾಯಿತು. ಅವನ ಪೆಟ್ಟು, ನಮ್ಮ ಗದೆ ಒಂದೇ ಹೊತ್ತಿಗೆ ಬೀಳುವಂತೆ ತಾಲೀಮು ಬೇಕು, ಅದೇ ಕಷ್ಟದ ಕೆಲಸ.

ಗುರುಗಳೊಬ್ಬರು ಫೋಮ್ ಎಂದರೆ ಪ್ಲಾಸ್ಟಿಕ್ಕೇ ಅಲ್ಲವೇ, ನಾಳೆ ಹೊಳಿಗೆ ಹೋಗುವುದಲ್ಲವೇ ಅಂದರು. ಈ ಮಾತಿಗೆ ನನ್ನ ಹತ್ತಿರ ಪೂರಾ ಉತ್ತರ ಇಲ್ಲ. ನೀಲಮ್ಮನ ಗುಡಿಯ ಕಡೆ ಹೊಳೆ ದಂಡೆಗೆ ಹೋದರೆ ಕೃಷ್ಣೆಯ ನೀರಿನ ಅಂಚಿಗೆ ಏನೇನು ತೇಲಿ ಬಂದು ನಿಂತಿರುತ್ತದೆ ಎಂದು ಎಲ್ಲರೂ ನೋಡಿದ್ದೀವಿ. ಆದ್ದರಿಂದ ಹೊಸ ಫೋಮ್ ಕೊಳ್ಳಬಾರದು, ಅಂಗಡಿಯವರು ಬಿಸಾಡುವುದನ್ನೇ ತರಬೇಕು, ಮಾಡಿದ್ದನ್ನು ಸಾಲಿಯ ಕಪಾಟಿನಲ್ಲಿಟ್ಟು ಹತ್ತು ವರ್ಷ ಬಳಸಬೇಕು. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಕತ್ತಿ ಮನೆ ಮುಟ್ಟುವುದರೊಳಗೆ ಮುರಿಯುತ್ತದೆ, ಮುರಿದ ತುದಿ ಚೂಪಾಗುತ್ತದೆ. ಅದಕ್ಕಿಂತ ಇದು ಮೇಲು. ಪೂರಾ ಬೇಡ ಅನ್ನುವುದಾದರೆ ಮುತ್ಯಾನ ಬುಟ್ಟಿ ಗದೆ ಮಾಡೋಣ, ಅದಕ್ಕೂ ನಾನು ತಯಾರು.

ಮೂರನೆಯದು ಬಹಳ ದೊಡ್ಡ ಆಕ್ಷೇಪಣೆ. ಹತಾರ ತೋರಿಸಿದರೆ ಹುಡುಗರು ಬಡಿದಾಟ ಕಲಿಯುತ್ತಾರೆ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಗದಾಯುದ್ಧದ ಕಾವ್ಯ ಬರೆದ ರನ್ನ ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಹತ್ತನೆಯ ಶತಮಾನದವನು, ಬಳೆಗಾರರ ಮನೆತನದವನು. ಬಳೆ ಮಾರುವವರ ಮನೆಯಲ್ಲಿ ಹುಟ್ಟಿದವನು ಗದೆಯ ಮೇಲೆ ಕಾವ್ಯ ಬರೆದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಒಂದು ಏಟಿಗೆ ಒಡೆಯುವ ಸಾಮಾನನ್ನು ಜೋಪಾನ ಮಾಡಿ ಒಯ್ಯುವವರು ಅವರು. ಕನ್ನಡ ಗುರುಗಳು ಹೇಳಿಕೊಟ್ಟ ಹಾಗೆ, ಅದರಲ್ಲಿ ಕಡೆಯ ಕಾಳಗಕ್ಕೆ ಮೊದಲು ದುರ್ಯೋಧನ ರಣರಂಗದಲ್ಲಿ ನಡೆದು ಹೋಗುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆ ನಿಂತು ಗೋಳಾಡುತ್ತಾನೆ. ಗದಾಯುದ್ಧ ತೆಗೆದುಹಾಕಿದರೆ ಆ ಅಳುವೂ ಹೋಗುತ್ತದೆ. ನಮ್ಮ ಓಣಿಯ ಆಟದಲ್ಲಿ ಆ ಭಾಗ ಇರಲಿಲ್ಲ. ಸಿನಿಮಾ ನೋಡಿ ಬಡಿದಾಟ ಒಂದನ್ನೇ ಎತ್ತಿಕೊಂಡಿದ್ದೆವು. ಇದ್ದಿದ್ದರೆ ನಾನು ಆ ಗದೆಯಲ್ಲಿ ಉಸುಕು ತುಂಬುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಈ ಸಲ ಪೂರಾ ಆಡೋಣ ಎಂದು ನನ್ನ ಬೇಡಿಕೆ. ರಣರಂಗದ ನಡಿಗೆಯಿಂದ ಶುರು ಮಾಡಿ ತೊಡೆ ಮುರಿಯುವವರೆಗೆ, ಇಪ್ಪತ್ತು ನಿಮಿಷ ಸಾಕು. ರಾಯಣ್ಣನ ನಾಟಕ ಮಾಡುವವರಿಗೆ ಕತ್ತಿಗಳನ್ನೂ ನಾನೇ ಮಾಡಿಕೊಡುತ್ತೇನೆ. ಕ್ರಾಫ್ಟ್ ಪಿರಿಯಡ್ಡಿನಲ್ಲಿ ಎರಡು ವಾರ ಸಮಯ ಕೊಟ್ಟರೆ ಐದನೆಯ ತರಗತಿಯವರು ಅರಿವಿ ಸುತ್ತುತ್ತಾರೆ, ನಾವು ಕೊರೆಯುತ್ತೇವೆ, ಹುಡುಗಿಯರಲ್ಲಿ ಚಿತ್ರ ಚಂದ ಬರೆಯುವವರು ಬಣ್ಣ ಹಚ್ಚಲಿ. ಕಿತ್ತೂರು ಚನ್ನಮ್ಮನ ಪಾರ್ಟಿಗೆ ಕತ್ತಿ ಬೇಕು ಅಂತ ಅವರೂ ಆಗಲೇ ಕೇಳ್ಯಾರ, ಅದನ್ನೂ ಗುರುಗಳ ಗಮನಕ್ಕೆ ತರುತ್ತೇನೆ.

ನನ್ನ ಗೆಳೆಯನಿಗೆ ಈ ಲೇಖನ ಮೊದಲೇ ಓದಿ ತೋರಿಸಿದ್ದೇನೆ. ಅವನ ಕಥೆ ಬರೆಯಲಿಕ್ಕೆ ಅವನ ಒಪ್ಪಿಗೆ ಬೇಕಲ್ಲ. ಬರಿ ಅಂದ, ಆದರೆ ಒಂದು ಶರತ್ತು ಹಾಕಿದ್ದಾನೆ. ಈ ಸಲ ಭೀಮ ಅವನು, ದುರ್ಯೋಧನ ನಾನು. ನಾನು ಒಪ್ಪಿದ್ದೇನೆ.

ಗದೆ ಎರಡೂ ನಮ್ಮ ಮನೆಯ ಜಂತಿಗೆ ನೇತಾಡುತ್ತಿವೆ. ಸೋಮವಾರ ಪ್ರಾರ್ಥನೆ ಆದ ಮೇಲೆ ತರುತ್ತೇನೆ. ಗುರುಗಳು ಯಾರಾದರೂ ಅದನ್ನು ತಗೊಂಡು ಮೊದಲು ನನ್ನ ತೊಡೀಗೆ ಹೊಡೆದು ನೋಡಲಿ.

— ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ತಂಗಡಗಿ